ನೀರು ನೆತ್ತಿಗೆ ಹತ್ತುತ್ತದೆ, ಮುದ್ದೆ ಸಲೀಸಾಗಿ ಇಳಿಯುತ್ತದೆ: ವಯಸ್ಸಾದವರ ನುಂಗುವಿಕೆಯಲ್ಲಿ ಮಿದುಳಿನ ಪಾತ್ರವೇನು?

ಪ್ರಶ್ನೆ: ಕೆರೆದಂಡೆ (ಹೊಳಲ್ಕೆರೆ ತಾಲ್ಲೂಕು)

ಮಾನ್ಯರೇ, ನಮ್ಮ ತಂದೆಯವರಿಗೆ ಈಗ 78 ವರ್ಷ. ಜೀವನವಿಡೀ ಅಡಿಕೆ ತೋಟದಲ್ಲಿ ದುಡಿದವರು. ಇಂದಿಗೂ ಬೆಳಗ್ಗೆ ತೋಟದವರೆಗೆ ನಡೆದು ಹೋಗಿ ಬರುತ್ತಾರೆ. ಮಾತು ಸ್ಪಷ್ಟವಾಗಿದೆ, ನೆನಪು ಚುರುಕಾಗಿದೆ. ರಕ್ತದೊತ್ತಡಕ್ಕೆ ದಿನವೂ ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟರೆ ಹೇಳಿಕೊಳ್ಳುವಂತಹ ಕಾಯಿಲೆ ಇಲ್ಲ, ಲಕ್ವ ಹೊಡೆದದ್ದೂ ಇಲ್ಲ. ಆದರೆ ಕಳೆದ ಬೇಸಿಗೆಯಿಂದೀಚೆಗೆ ನೀರು ಕುಡಿಯುವಾಗ ಅವರಿಗೆ ನೆತ್ತಿಗೆ ಹತ್ತುವುದು ಹೆಚ್ಚಾಗಿದೆ. ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಾಗಲಂತೂ ಕೆಮ್ಮು ಬಿಡದೆ ಬಂದು, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಸುರಿಯುತ್ತದೆ. ಮನೆಯವರು ನೆತ್ತಿ ತಟ್ಟಿ, "ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎಂದು ಸಮಾಧಾನ ಹೇಳುತ್ತಾರೆ.

ನನಗೆ ಅರ್ಥವಾಗದೆ ಉಳಿದಿರುವುದು ಇದು. ಅದೇ ಹೊತ್ತಿನ ಊಟದಲ್ಲಿ ಅವರು ರಾಗಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಒಂದು ಸಲವೂ ತಡೆದದ್ದಿಲ್ಲ. ಗಟ್ಟಿಯಾದ ಮುದ್ದೆ ಇಳಿಯುವ ಗಂಟಲಿನಲ್ಲಿ ನೀರು ಇಳಿಯಲು ಏಕೆ ಕಷ್ಟಪಡಬೇಕು? ಗಂಟಲಿನಲ್ಲಿ ಏನಾದರೂ ಬೆಳೆದಿದ್ದರೆ ಮೊದಲು ಮುದ್ದೆಯೇ ಸಿಕ್ಕಿಕೊಳ್ಳಬೇಕಿತ್ತಲ್ಲವೇ? ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಟಾರ್ಚ್ ಹಾಕಿ ಗಂಟಲು ನೋಡಿ, "ಎಲ್ಲ ಚೆನ್ನಾಗಿದೆ, ವಯಸ್ಸಾಯಿತು" ಎಂದು ಕಳುಹಿಸಿದರು. ವಯಸ್ಸಾದರೆ ಗಂಟಲಿನಲ್ಲಿ ಏನಾಗುತ್ತದೆ ಎಂದು ಕೇಳಲು ಅಲ್ಲಿ ಅವಕಾಶ ಸಿಗಲಿಲ್ಲ. ಇದು ಮಿದುಳಿಗೆ ಸಂಬಂಧಿಸಿದ್ದಿರಬಹುದು ಎಂದು ಪರಿಚಿತರೊಬ್ಬರು ಹೇಳಿದ ಮೇಲೆ ಆತಂಕ ಹೆಚ್ಚಾಗಿದೆ. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಅಧ್ಯಾಪಕ (ದಾವಣಗೆರೆ)

ಕೆರೆದಂಡೆಯವರೇ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ಶಾಸ್ತ್ರವನ್ನು ಬಹುಕಾಲ ಕಲಿಸಿದವನಾಗಿ ಹೇಳುತ್ತೇನೆ: ನೀವು ಗಮನಿಸಿರುವ ಸಂಗತಿ ಬಹಳ ಮುಖ್ಯವಾದದ್ದು, ಟಾರ್ಚಿನ ಬೆಳಕಿನಲ್ಲಿ ಅದಕ್ಕೆ ಉತ್ತರ ಸಿಗುವಂತಿರಲಿಲ್ಲ. ಅನ್ನನಾಳದ ಒಳಗೆ ಅಡ್ಡಿ ಇದ್ದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಆಹಾರ ತಡೆಯುತ್ತದೆ, ನೀರು ಕೊನೆಯವರೆಗೂ ಇಳಿಯುತ್ತದೆ. ನೀರೇ ಮೊದಲು ತೊಂದರೆ ಕೊಡುತ್ತಿದ್ದರೆ ನುಂಗುವ ಕ್ರಿಯೆಯ ಸಮಯ ತಪ್ಪುತ್ತಿದೆಯೇ ಎಂದು ನೋಡಬೇಕು. ಆ ಸಮಯವನ್ನು ಕಾಯುವುದು ಮಿದುಳು.

ಗಂಟಲಿನಲ್ಲಿ ಉಸಿರಿನ ದಾರಿ ಮತ್ತು ಅನ್ನದ ದಾರಿ ಒಂದನ್ನೊಂದು ಅಡ್ಡಹಾಯುತ್ತವೆ. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟನ್ನು ನೆನೆಸಿಕೊಳ್ಳಿ. ರೈಲು ಬರುವ ಮುನ್ನ ಗೇಟು ಬೀಳಬೇಕು, ರೈಲು ದಾಟಿದ ಕೂಡಲೇ ಏಳಬೇಕು. ತುತ್ತು ನಾಲಗೆಯ ಹಿಂಭಾಗವನ್ನು ದಾಟುವ ಹೊತ್ತಿಗೆ ಮೃದು ಅಂಗುಳು ಮೇಲೆದ್ದು ಮೂಗಿನ ಕಡೆಯ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಅವುಗಳ ಮೇಲಿನ ಮುಚ್ಚಳ ಬಾಗುತ್ತದೆ, ಉಸಿರು ಅರೆಗಳಿಗೆ ನಿಲ್ಲುತ್ತದೆ, ಅನ್ನನಾಳದ ಬಾಯಲ್ಲಿರುವ ಬಿಗಿ ಸ್ನಾಯು ಸಡಿಲಗೊಂಡು ದಾರಿ ಬಿಡುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು ಒಂದು ಸೆಕೆಂಡಿನಲ್ಲಿ. ಸುಮಾರು 30 ಜೋಡಿ ಸ್ನಾಯುಗಳು, ಮಿದುಳಿನಿಂದ ಹೊರಡುವ 12 ಜೋಡಿ ನರಗಳ ಪೈಕಿ 5, 7, 9, 10 ಮತ್ತು 12ನೆಯವು ಇದರಲ್ಲಿ ಪಾಲುಗೊಳ್ಳುತ್ತವೆ. ನಿಮ್ಮ ಬೆರಳನ್ನು ಗಂಟಲ ಗಂಟಿನ ಮೇಲೆ ಇಟ್ಟುಕೊಂಡು ಎಂಜಲು ನುಂಗಿ ನೋಡಿದರೆ ಅದು ಮೇಲೇರಿ ಇಳಿಯುವುದು ಕೈಗೇ ತಿಳಿಯುತ್ತದೆ.

ಈ ಸಾಲುಕ್ರಮವನ್ನು ಹಿಡಿದಿಟ್ಟುಕೊಂಡಿರುವುದು ತಲೆಯ ಹಿಂಭಾಗದ ಕೆಳಗಡೆ, ಬೆನ್ನುಹುರಿಯ ತುದಿಯಲ್ಲಿರುವ ಮೆಡುಲ್ಲ ಎಂಬ ಮಿದುಳುಕಾಂಡದ ಭಾಗ. ಅಲ್ಲಿನ ಒಂದು ನರಕೋಶ ಗುಂಪು ಬಾಯಿ ಮತ್ತು ಗಂಟಲಿನಿಂದ ಬರುವ ಸುದ್ದಿಯನ್ನು ಸ್ವೀಕರಿಸುತ್ತದೆ: ತುತ್ತು ಎಷ್ಟು ದೊಡ್ಡದು, ಬಿಸಿಯೇ ತಣ್ಣಗೇ, ಎಲ್ಲಿಯವರೆಗೆ ಬಂದಿದೆ ಎಂಬುದನ್ನು. ಅದಕ್ಕೆ ತಾಗಿದ ಮತ್ತೊಂದು ಗುಂಪು ಸ್ನಾಯುಗಳಿಗೆ ಸರದಿಯ ಪ್ರಕಾರ ಆದೇಶ ಕಳುಹಿಸುತ್ತದೆ. ಒಮ್ಮೆ ಆದೇಶ ಹೊರಟ ಮೇಲೆ ನಾವು ಬಯಸಿದರೂ ಅರ್ಧದಲ್ಲಿ ನಿಲ್ಲಿಸಲಾಗದು. ಉಸಿರಾಟದ ಲಯವನ್ನು ನಡೆಸುವ ಕೇಂದ್ರವೂ ಪಕ್ಕದಲ್ಲೇ ಇರುವುದರಿಂದ ಇವೆರಡೂ ಹೊಂದಿಕೊಂಡು ನಡೆಯುತ್ತವೆ. ಸಾಮಾನ್ಯವಾಗಿ ನಾವು ನುಂಗಿದ ಕೂಡಲೇ ಉಸಿರನ್ನು ಹೊರಕ್ಕೆ ಬಿಡುತ್ತೇವೆ, ಗಂಟಲಲ್ಲಿ ಏನಾದರೂ ಉಳಿದಿದ್ದರೆ ಅದು ಒಳಸೇರದಂತೆ ಆ ಉಸಿರು ತಡೆಯುತ್ತದೆ. ವಯಸ್ಸಾದವರಲ್ಲಿ ನುಂಗಿದ ಮೇಲೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುವ ಸಂದರ್ಭಗಳು ಹೆಚ್ಚಾಗುತ್ತವೆ.

ನುಂಗುವುದು ಮಿದುಳುಕಾಂಡದ ಕೆಲಸ ಮಾತ್ರ ಎಂಬ ನಂಬಿಕೆ ಬಹುಕಾಲ ಇತ್ತು. 1996ರಲ್ಲಿ ಶಾಹೀನ್ ಹಮ್ದಿ ಮತ್ತು ಅವರ ಸಂಗಡಿಗರು ತಲೆಬುರುಡೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಕೊಟ್ಟು, ಮಿದುಳಿನ ಮೇಲ್ಪದರದ ಎರಡೂ ಅರೆಗಳಲ್ಲಿ ನುಂಗುವ ಸ್ನಾಯುಗಳಿಗೆ ಜಾಗವಿದೆ, ಆದರೆ ಹೆಚ್ಚಿನವರಲ್ಲಿ ಒಂದು ಅರೆಯದೇ ಮೇಲುಗೈ ಎಂದು ತೋರಿಸಿದರು. ಆ ಮೇಲುಗೈಗೂ ಒಬ್ಬರು ಎಡಚರೋ ಬಲಚರೋ ಎಂಬುದಕ್ಕೂ ಸಂಬಂಧವಿಲ್ಲ. ಎಡಭಾಗಕ್ಕೆ ಲಕ್ವ ಹೊಡೆದ ಇಬ್ಬರಲ್ಲಿ ಒಬ್ಬರು ಮರುದಿನವೇ ಗಂಜಿ ಕುಡಿಯುವುದು, ಇನ್ನೊಬ್ಬರಿಗೆ ಮೂಗಿನಲ್ಲಿ ನಳಿಕೆ ಇಡಬೇಕಾಗುವುದು ಏಕೆಂದು ಇದರಿಂದ ಬಹುಮಟ್ಟಿಗೆ ತಿಳಿಯುತ್ತದೆ. ಪೆಟ್ಟು ಮೇಲುಗೈಯ ಅರೆಗೆ ಬಿದ್ದಿತ್ತೇ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಅನೇಕರು ಮತ್ತೆ ನುಂಗಲು ಕಲಿಯುವುದು ಪೆಟ್ಟು ಬೀಳದ ಅರೆಯಲ್ಲಿ ಆ ಜಾಗ ಹಿಗ್ಗುವುದರಿಂದ.

ಈಗ ನಿಮ್ಮ ತಂದೆಯವರ ವಿಷಯ. ವಯಸ್ಸಾದಂತೆ ಗಂಟಲಿನ ಒಳಪದರದ ಸ್ಪರ್ಶಜ್ಞಾನ ಮಂದವಾಗುತ್ತದೆ, ಆದ್ದರಿಂದ ಸುದ್ದಿ ಮೆಡುಲ್ಲಕ್ಕೆ ತಡವಾಗಿ ಮತ್ತು ಕ್ಷೀಣವಾಗಿ ತಲುಪುತ್ತದೆ. ಮಿದುಳಿನ ಒಳಗಿನ ಬಿಳಿಯ ನರತಂತುಗಳಲ್ಲಿ, ಅದರಲ್ಲೂ ದೀರ್ಘಕಾಲದಿಂದ ರಕ್ತದೊತ್ತಡ ಇದ್ದವರಲ್ಲಿ, ಸಣ್ಣ ರಕ್ತನಾಳಗಳು ಸವೆದು ಅಲ್ಲಲ್ಲಿ ಹಾನಿಯಾಗುತ್ತದೆ. ಲಕ್ವ ಎಂದೂ ಆಗದ ವೃದ್ಧರ ಎಂಆರ್‌ಐ ಚಿತ್ರದಲ್ಲೂ ಈ ಗುರುತುಗಳು ಕಾಣುತ್ತವೆ, ಅವು ಹೆಚ್ಚಿದ್ದವರಲ್ಲಿ ನುಂಗುವಿಕೆ ನಿಧಾನವಾಗಿರುತ್ತದೆ. ನಾಲಗೆಯ ಗರಿಷ್ಠ ಬಲವೂ ಕುಗ್ಗುತ್ತದೆ. ಹಾಗಿದ್ದರೂ ದಿನನಿತ್ಯದ ತುತ್ತಿಗೆ ಬೇಕಾಗುವಷ್ಟು ಬಲ ಉಳಿದಿರುತ್ತದೆ. ಕಡಿಮೆಯಾಗುವುದು ಕೈಯಲ್ಲಿರುವ ಮೀಸಲು. ಮಿದುಳಿನ ಚಟುವಟಿಕೆಯನ್ನು ಅಳೆದ ಹಲವು ಅಧ್ಯಯನಗಳಲ್ಲಿ, ಅದೇ ಒಂದು ಗುಟುಕಿಗೆ ಯುವಕರಿಗಿಂತ ವೃದ್ಧರ ಮಿದುಳಿನ ಹೆಚ್ಚು ವಿಶಾಲವಾದ ಭಾಗ ಕೆಲಸಕ್ಕೆ ತೊಡಗುವುದು ಕಂಡುಬಂದಿದೆ. ಹಿಂದೆ ತಾನೇ ತಾನಾಗಿ ನಡೆಯುತ್ತಿದ್ದುದಕ್ಕೆ ಈಗ ಗಮನ ಬೇಕಾಗುತ್ತಿದೆ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ನೀರು ತೆಳುವಾಗಿರುವುದರಿಂದ ನಾಲಗೆಯ ಹಿಡಿತ ತಪ್ಪಿಸಿಕೊಂಡು ಕ್ಷಣಾರ್ಧದಲ್ಲಿ ಗಂಟಲಿನ ಕವಲಿಗೆ ಬಂದುಬಿಡುತ್ತದೆ. ಗೇಟು ಬೀಳುವುದು ಅರೆಕ್ಷಣ ತಡವಾದರೂ ಸಾಕು, ಹನಿ ಶ್ವಾಸನಾಳದ ಕಡೆಗೆ ಜಾರುತ್ತದೆ. ಮುದ್ದೆಯ ತುತ್ತು ಒಂದೇ ಉಂಡೆಯಾಗಿ, ನಿಧಾನವಾಗಿ, ತನ್ನ ಭಾರವನ್ನು ನಾಲಗೆಗೆ ತಿಳಿಸುತ್ತ ಹೋಗುವುದರಿಂದ ಮಂದವಾದ ನರಗಳಿಗೂ ಅದರ ಸುದ್ದಿ ಸಿಗುತ್ತದೆ, ಮಿದುಳಿಗೆ ಸಮಯವೂ ಸಿಗುತ್ತದೆ. ಮಾತ್ರೆಯ ಜೊತೆ ನೀರು ಎಂದರೆ ಎರಡು ಬಗೆಯ ವಸ್ತುಗಳು ಎರಡು ವೇಗದಲ್ಲಿ ಒಟ್ಟಿಗೆ ಇಳಿಯಬೇಕು, ಆದ್ದರಿಂದಲೇ ಅದು ಹೆಚ್ಚು ಕಷ್ಟ.

ವಯಸ್ಸಿನಿಂದ ಮಾತ್ರ ಆಗುವ ಈ ನಿಧಾನಗತಿಗೆ ಪ್ರೆಸ್ಬಿಫೇಜಿಯ ಎನ್ನುತ್ತಾರೆ, ಅದು ಕಾಯಿಲೆಯಲ್ಲ. ಆದರೆ ಜ್ವರ, ನಿರ್ಜಲೀಕರಣ, ನಿದ್ದೆ ಮಾತ್ರೆ, ಶಸ್ತ್ರಚಿಕಿತ್ಸೆ ಇಂತಹ ಒಂದು ಹೊಡೆತ ಬಿದ್ದರೂ ಮೀಸಲು ಇಲ್ಲದವರಲ್ಲಿ ಅದು ಡಿಸ್ಫೇಜಿಯ ಎಂಬ ನಿಜವಾದ ತೊಂದರೆಯಾಗಿ ತಿರುಗುತ್ತದೆ. ನಿಮ್ಮ ತಂದೆಯವರು ಯಾವ ಹಂತದಲ್ಲಿದ್ದಾರೆ ಎಂಬುದನ್ನು ಪರೀಕ್ಷಿಸದೆ ಹೇಳಲಾಗದು.

ಉತ್ತರ 2: ವಾಕ್ ಚಿಕಿತ್ಸಕಿ (ಚಿತ್ರದುರ್ಗ)

ಮೇಷ್ಟ್ರು ಕಾರಣಗಳನ್ನು ಬಿಡಿಸಿ ಹೇಳಿದ್ದಾರೆ. ನಾನು ನುಂಗುವ ತೊಂದರೆ ಇರುವ ಹಿರಿಯರನ್ನು ದಿನವೂ ನೋಡುವವಳು, ಆದ್ದರಿಂದ ಕೆರೆದಂಡೆಯವರನ್ನು ಮೊದಲು ಒಂದು ಮಾತು ಕೇಳಬೇಕು. ತಂದೆಯವರು ನೀರನ್ನು ಕಚ್ಚಿ ಕುಡಿಯುತ್ತಾರೆಯೇ, ಎತ್ತಿ ಕುಡಿಯುತ್ತಾರೆಯೇ? ನಮ್ಮ ಕಡೆಯ ಹಿರಿಯರಲ್ಲಿ ಚೊಂಬನ್ನು ತುಟಿಗೆ ತಾಗಿಸದೆ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೇಲಿನಿಂದ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುವ ರೂಢಿ ಗಟ್ಟಿಯಾಗಿದೆ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ಬಾಯಿ ಹೆಚ್ಚು ತೆರೆದುಕೊಳ್ಳುತ್ತದೆ, ನಾಲಗೆಗೆ ನೀರನ್ನು ತಡೆದು ನಿಲ್ಲಿಸುವ ಅವಕಾಶವೇ ಇರುವುದಿಲ್ಲ, ಧಾರೆ ನಿಲ್ಲದಿರುವುದರಿಂದ ಒಂದರ ಹಿಂದೊಂದು ನುಂಗುತ್ತಲೇ ಉಸಿರನ್ನೂ ಹಿಡಿದಿರಬೇಕಾಗುತ್ತದೆ. ಮೂವತ್ತರ ವಯಸ್ಸಿನ ಮಿದುಳು ಇದನ್ನು ನಿಭಾಯಿಸುತ್ತದೆ. ಎಪ್ಪತ್ತೆಂಟಕ್ಕೆ ಅದು ಅನಗತ್ಯವಾದ ಪರೀಕ್ಷೆ. ಲೋಟವನ್ನು ಕಚ್ಚಿ ಕುಡಿದರೂ ತಳದಲ್ಲಿ ಸ್ವಲ್ಪವೇ ಉಳಿದಾಗ ತಲೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಅಗಲ ಬಾಯಿಯ ಬಟ್ಟಲಿನಲ್ಲಿ ಕೊಡಿ, ಗಲ್ಲ ಎದೆಯ ಕಡೆಗೆ ಸ್ವಲ್ಪ ಬಾಗಿರಲಿ, ಒಂದು ಗುಟುಕು ಪೂರ್ತಿ ಇಳಿದ ಮೇಲೆ ಇನ್ನೊಂದು. ಗಲ್ಲ ಬಾಗಿಸುವುದು ಎಲ್ಲರಿಗೂ ಒಪ್ಪುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಅದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು.

ನೆತ್ತಿಗೆ ಹತ್ತಿದಾಗ ನೆತ್ತಿ ತಟ್ಟುವುದು, ಮೇಲೆ ಇನ್ನಷ್ಟು ನೀರು ಕುಡಿಸುವುದು ಎರಡನ್ನೂ ನಿಲ್ಲಿಸಿ. ಅವರು ಮುಂದಕ್ಕೆ ಬಾಗಿ, ಕೆಮ್ಮು ಪೂರ್ತಿಯಾಗಿ ಮುಗಿಯುವವರೆಗೆ ಕೆಮ್ಮಲಿ. ಕೆಮ್ಮುವ ಶಕ್ತಿ ಇರುವುದು ಒಳ್ಳೆಯ ಲಕ್ಷಣ. ನನ್ನ ಕೆಲಸದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವವರು ಕೆಮ್ಮದವರು. ನೀರು ಅಥವಾ ಎಂಜಲು ಶ್ವಾಸನಾಳಕ್ಕೆ ಇಳಿದರೂ ಮಿದುಳಿಗೆ ಸುದ್ದಿಯೇ ಮುಟ್ಟದೆ ಅವರು ಸುಮ್ಮನೆ ಊಟ ಮುಂದುವರಿಸುತ್ತಾರೆ. ಮನೆಯವರು "ಈಗ ಕೆಮ್ಮು ಕಡಿಮೆಯಾಗಿದೆ" ಎಂದು ಸಂತೋಷಪಡುತ್ತಿರುವಾಗಲೇ ನ್ಯುಮೋನಿಯಾ ಆಗುತ್ತಿರುತ್ತದೆ. ಅದಕ್ಕೇ ಬೇರೆ ಗುರುತುಗಳ ಮೇಲೆ ಕಣ್ಣಿಡಬೇಕು: ನೀರು ಕುಡಿದ ಕೂಡಲೇ ಧ್ವನಿ ಗೊರಗೊರ ಎನ್ನುವುದು, ಊಟ ಅರ್ಧ ಗಂಟೆಗಿಂತ ಹೆಚ್ಚು ಎಳೆಯುವುದು, ಕೆನ್ನೆಯ ಸಂದಿಯಲ್ಲಿ ಅನ್ನ ಉಳಿಯುವುದು, ತೂಕ ಇಳಿಯುವುದು, ಕಾರಣ ತಿಳಿಯದ ಜ್ವರ ಮತ್ತೆ ಮತ್ತೆ ಬರುವುದು. ಇವುಗಳಲ್ಲಿ ಒಂದಿದ್ದರೂ ವಿಳಂಬ ಬೇಡ. ನುಂಗುವ ತೊಂದರೆ ಹಠಾತ್ತನೆ, ಒಂದೇ ದಿನದಲ್ಲಿ ಶುರುವಾದರೆ, ಅದರ ಜೊತೆ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಲಕ್ವ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಆದ್ದರಿಂದ ಬೆಳಗಾಗಲಿ ಎಂದು ಕಾಯಬಾರದು.

ಮುದ್ದೆಯ ಬಗ್ಗೆಯೂ ಒಂದು ಎಚ್ಚರಿಕೆ. ಈಗ ಸಲೀಸಾಗಿ ಇಳಿಯುತ್ತಿದೆ, ನಿಜ. ಆದರೆ ಅಂಟುವ ಉಂಡೆಯನ್ನು ಅಗಿಯದೆ ನುಂಗುವಾಗ ನಾಲಗೆಯ ಬಲ ಸಾಲದೆ ಹೋದರೆ ಅದು ಗಂಟಲಲ್ಲಿ ನಿಂತು ಉಸಿರನ್ನೇ ಕಟ್ಟಿಬಿಡಬಹುದು. ಜಪಾನಿನಲ್ಲಿ ಹೊಸ ವರ್ಷಕ್ಕೆ ತಿನ್ನುವ ಮೋಚಿ ಎಂಬ ಅಕ್ಕಿಯ ಅಂಟು ಉಂಡೆಯಿಂದ ಪ್ರತಿ ವರ್ಷವೂ ವೃದ್ಧರು ಉಸಿರುಗಟ್ಟಿ ಸಾಯುತ್ತಾರೆ. ಅಲ್ಲಿನ ಅಗ್ನಿಶಾಮಕ ಇಲಾಖೆಯೇ ಮುನ್ನೆಚ್ಚರಿಕೆ ಕೊಡುತ್ತದೆ. ಮುದ್ದೆ ಬಿಡಿಸಬೇಕಿಲ್ಲ. ಸ್ವಲ್ಪ ಮೆದುವಾಗಿ ತೊಳಸಿ, ತುತ್ತನ್ನು ಚಿಕ್ಕದು ಮಾಡಿ, ಸಾರಿನಲ್ಲಿ ಚೆನ್ನಾಗಿ ಅದ್ದಿಸಿ. ಮಂಡಕ್ಕಿ, ಒಣ ಅವಲಕ್ಕಿ, ಗರಿಗರಿಯಾದ ದೋಸೆಯ ಅಂಚು, ತೆಳುಸಾರಿನಲ್ಲಿ ತೇಲುವ ಅನ್ನದ ಅಗುಳು, ಇವು ಮುದ್ದೆಗಿಂತ ಹೆಚ್ಚು ತೊಂದರೆ ಕೊಡುತ್ತವೆ, ಏಕೆಂದರೆ ಬಾಯಲ್ಲಿ ಒಂದು ಉಂಡೆಯಾಗದೆ ಚದುರುತ್ತವೆ.

ಪರೀಕ್ಷೆಗೆ ಹೋಗುವಾಗ ವಿಡಿಯೊಫ್ಲೋರೋಸ್ಕೋಪಿ ಅಥವಾ ಫೀಸ್ (FEES) ಎಂಬ ಪರೀಕ್ಷೆಯ ಸೌಲಭ್ಯ ಎಲ್ಲಿದೆ ಎಂದು ವಿಚಾರಿಸಿ. ಮೊದಲನೆಯದರಲ್ಲಿ ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್‌ರೇ ಚಲನಚಿತ್ರ ತೆಗೆಯುತ್ತಾರೆ. ಎರಡನೆಯದರಲ್ಲಿ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಗಂಟಲನ್ನು ಮೇಲಿನಿಂದ ನೋಡುತ್ತಾರೆ. ಸದ್ದಿಲ್ಲದೆ ಇಳಿಯುವ ನೀರನ್ನು ಕಾಣಲು ಇವೆರಡೇ ಭರವಸೆಯ ದಾರಿ. ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೊದಲು ಕೇಳಿ. ಅಲ್ಲಿ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಉತ್ತರ 3: ಹೊಳೆಸಾಲು (ಹರಿಹರ)

ನಾನು ವೈದ್ಯಳಲ್ಲ. ಪಾರ್ಕಿನ್ಸನ್ ಕಾಯಿಲೆಯ ನಮ್ಮ ತಾಯಿಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಅವರ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎಂಜಲು ಹೆಚ್ಚು ಉತ್ಪತ್ತಿಯಾಗುತ್ತಿದೆ ಎಂದು ನಾವೆಲ್ಲ ತಿಳಿದಿದ್ದೆವು. ನರರೋಗ ತಜ್ಞರು ವಿವರಿಸಿದ ಪ್ರಕಾರ, ಎಚ್ಚರದಲ್ಲಿರುವಾಗ ನಾವು ಅರಿವಿಲ್ಲದೆಯೇ ದಿನಕ್ಕೆ ನೂರಾರು ಸಲ ಎಂಜಲು ನುಂಗುತ್ತಿರುತ್ತೇವೆ, ಆ ಕಾಯಿಲೆಯಲ್ಲಿ ಮಿದುಳು ಹಾಗೆ ನುಂಗಿಸುವುದನ್ನು ಕಡಿಮೆ ಮಾಡುವುದರಿಂದ ಎಂಜಲು ಬಾಯಲ್ಲೇ ನಿಲ್ಲುತ್ತದೆ. ಅದೇ ಎಂಜಲು ರಾತ್ರಿ ಮಲಗಿದಾಗ ಹಿಂದಕ್ಕೆ ಜಾರುತ್ತದೆ.

ನಮಗೆ ಉಪಯೋಗವಾದ ಸಂಗತಿಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಲೆವೊಡೋಪ ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿಗೆ ಊಟ ಬರುವಂತೆ ವೇಳೆಯನ್ನು ವೈದ್ಯರೇ ಹೊಂದಿಸಿಕೊಟ್ಟರು. ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಮಾತ್ರೆ, ಆಮೇಲೆ ತಟ್ಟೆ. ಎರಡನೆಯದು, ಉಣಿಸುವವರು ಎದುರಿಗೆ, ತಾಯಿಯವರ ಕಣ್ಣಿನ ಮಟ್ಟಕ್ಕೇ ಕುಳಿತುಕೊಳ್ಳಬೇಕು. ನಿಂತುಕೊಂಡು ಉಣಿಸಿದರೆ ಅವರು ಚಮಚವನ್ನು ನೋಡಲು ಮುಖವನ್ನು ಮೇಲೆತ್ತುತ್ತಾರೆ, ಗಲ್ಲ ಮುಂದಕ್ಕೆ ಬರುತ್ತದೆ, ಕೆಮ್ಮು ಶುರುವಾಗುತ್ತದೆ; ಕುಳಿತು, ಚಮಚವನ್ನು ತುಟಿಗಿಂತ ಸ್ವಲ್ಪ ಕೆಳಗಿನಿಂದ ತಂದರೆ ಅವರ ಮುಖ ತಾನಾಗಿಯೇ ಬಾಗುತ್ತದೆ. ಗಂಟಲ ಗಂಟು ಮೇಲೇರಿ ಇಳಿಯುವುದನ್ನು ನೋಡಿದ ಮೇಲೆಯೇ ಮುಂದಿನ ಚಮಚ. ಊಟದ ಹೊತ್ತಿಗೆ ಟಿವಿ ಆರಿಸುತ್ತೇವೆ, "ಇನ್ನೊಂದು ತುತ್ತು ತಗೊಳ್ರೀ ಅಮ್ಮ" ಎಂಬುದನ್ನು ಬಿಟ್ಟು ಬೇರೆ ಮಾತು ಆಡುವುದಿಲ್ಲ. ಮೇಷ್ಟ್ರು ಬರೆದಂತೆ ನುಂಗುವುದಕ್ಕೆ ಗಮನ ಬೇಕಾಗಿರುವಾಗ, ಪ್ರಶ್ನೆ ಕೇಳಿ ಉತ್ತರ ಹೇಳಿಸುವುದು ಆ ಗಮನವನ್ನು ಕಸಿದುಕೊಂಡಂತೆಯೇ ಸರಿ. ಉಂಡ ಕೂಡಲೇ ಮಲಗಿಸದೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸುತ್ತೇವೆ.

ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಯ ಸ್ವಚ್ಛತೆ. ಎಂಜಲು ಸ್ವಲ್ಪ ಶ್ವಾಸನಾಳಕ್ಕೆ ಇಳಿಯುವುದನ್ನು ಪೂರ್ತಿ ತಪ್ಪಿಸಲಾಗದು, ನಿದ್ದೆಯಲ್ಲಿ ಆರೋಗ್ಯವಂತರಿಗೂ ಅದು ಆಗುತ್ತದೆ. ಆ ಎಂಜಲಿನಲ್ಲಿ ರೋಗಾಣುಗಳು ಎಷ್ಟಿವೆ ಎಂಬುದು ಮುಖ್ಯ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ದಾದಿಯರು ಹಲ್ಲುಜ್ಜಿಸಿದವರ ಪೈಕಿ ಶೇ. 11ರಷ್ಟು ಜನರಿಗೆ ನ್ಯುಮೋನಿಯಾ ಬಂದರೆ, ಹಾಗೆ ಮಾಡದವರಲ್ಲಿ ಶೇ. 19ರಷ್ಟು ಜನರಿಗೆ ಬಂದಿತ್ತು. ಹಲ್ಲಿಲ್ಲದವರಿಗೂ ಇದು ಅನ್ವಯಿಸುತ್ತದೆ: ವಸಡು ಮತ್ತು ನಾಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಕಟ್ಟು ಹಲ್ಲನ್ನು ರಾತ್ರಿ ತೆಗೆದು ತೊಳೆದಿಡಬೇಕು. ಎಲೆ ಅಡಿಕೆ ಹಾಕಿಕೊಂಡು ಮಲಗುವ ಹಿರಿಯರು ನಮ್ಮ ಕಡೆ ಬಹಳ ಇದ್ದಾರೆ. ಅವರ ಮನೆಯವರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಕೆರೆದಂಡೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೇಡಂ ಊಹಿಸಿದ್ದು ನಿಜ, ತಂದೆಯವರು ಚೊಂಬನ್ನು ಎತ್ತಿಯೇ ಕುಡಿಯುತ್ತಾರೆ. ಎಂಜಲಾಗಬಾರದು ಎಂಬುದು ಅವರ ನಿಯಮ. ಅವರದೇ ಎಂದು ಒಂದು ಬಟ್ಟಲನ್ನು ಬೇರೆ ಇಟ್ಟರೆ ಒಪ್ಪಬಹುದು. ಜ್ವರವಾಗಲಿ, ತೂಕ ಇಳಿದದ್ದಾಗಲಿ ಇಲ್ಲ.

ಇನ್ನೊಂದು ಸಂದೇಹ. ತೆಳುವಾದ ನೀರೇ ತೊಂದರೆಯಾದರೆ, ನೀರಿನ ಬದಲು ರಾಗಿ ಅಂಬಲಿಯನ್ನೇ ದಿನವೆಲ್ಲ ಕೊಟ್ಟರೆ ಸಾಲದೇ? ಅಂಗಡಿಯಲ್ಲಿ ನೀರನ್ನು ಗಟ್ಟಿಮಾಡುವ ಪುಡಿಯೂ ಸಿಗುತ್ತದೆ ಎಂದು ಕೇಳಿದ್ದೇನೆ.

ಉತ್ತರ 4: ವಾಕ್ ಚಿಕಿತ್ಸಕಿ (ಚಿತ್ರದುರ್ಗ)

ಸರ್, ಈ ಯೋಚನೆ ಎಲ್ಲರಿಗೂ ಬರುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ದ್ರವ ಗಟ್ಟಿಯಾದಷ್ಟೂ ನಿಧಾನವಾಗಿ ಹರಿಯುತ್ತದೆ, ಎಕ್ಸ್‌ರೇಯಲ್ಲಿ ಶ್ವಾಸನಾಳಕ್ಕೆ ಇಳಿಯುವುದು ಕಡಿಮೆಯಾಗುವುದೂ ಕಾಣುತ್ತದೆ. ಆದರೆ ಅದರಿಂದ ನ್ಯುಮೋನಿಯಾ ಕಡಿಮೆಯಾಗುತ್ತದೆ ಎಂದು ಹೇಳುವಂತಿಲ್ಲ. ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇದ್ದ 515 ಜನರನ್ನು ಮೂರು ತಿಂಗಳು ಅನುಸರಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಗಲ್ಲ ಬಾಗಿಸಿ ತೆಳುದ್ರವ ಕುಡಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ನ್ಯುಮೋನಿಯಾದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ನಿರ್ಜಲೀಕರಣ ಮಾತ್ರ ಗಟ್ಟಿ ದ್ರವದವರಲ್ಲಿ ಹೆಚ್ಚಾಗಿತ್ತು. ರುಚಿಸದ ಕಾರಣ ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಅದು ಸಣ್ಣ ಅಪಾಯವಲ್ಲ. ನಾಲಗೆಯ ಬಲ ಕುಗ್ಗಿದವರಲ್ಲಿ ಗಟ್ಟಿ ದ್ರವ ಗಂಟಲಿನ ಸಂದಿಯಲ್ಲಿ ಉಳಿದು, ಆಮೇಲೆ ಉಸಿರಿನ ಜೊತೆ ಒಳಗಿಳಿಯುವುದೂ ಇದೆ.

ಅಂಬಲಿಯನ್ನು ಆಹಾರವಾಗಿ ಕೊಡಿ, ಒಳ್ಳೆಯದೇ. ಆದರೆ ಅದರ ಗಟ್ಟಿತನ ದಿನದಿಂದ ದಿನಕ್ಕೆ, ಕೈಯಿಂದ ಕೈಗೆ ಬದಲಾಗುತ್ತದೆ: ಬಿಸಿಯಿರುವಾಗ ತೆಳು, ಆರಿದಾಗ ಗಟ್ಟಿ, ಬಾಯಲ್ಲಿ ತಡೆದು ನಿಂತರೆ ಎಂಜಲು ಅದರ ಪಿಷ್ಟವನ್ನು ಒಡೆದು ಮತ್ತೆ ತೆಳು. ಮುಂದೆ ಯಾರಾದರೂ ಗಟ್ಟಿ ದ್ರವವನ್ನೇ ಸೂಚಿಸಿದರೆ ಅದನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಬಳಸುವ ಸರಳ ಕ್ರಮವಿದೆ. ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ, ದ್ರವ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಬಿಡಬೇಕು. ಒಳಗೆ 1ರಿಂದ 4 ಮಿಲಿಲೀಟರ್ ಉಳಿದರೆ ಮೊದಲನೆಯ ಮಟ್ಟ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದರೆ ಮೂರನೆಯದು. ಸಿರಿಂಜುಗಳ ಉದ್ದ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. 0ಯಿಂದ 10ರವರೆಗಿನ ಗೀಟುಗಳ ಅಳತೆ 61.5 ಮಿಲಿಮೀಟರ್ ಇರುವಂತಹದ್ದನ್ನೇ ಬಳಸಬೇಕು.

ನಿಮ್ಮ ತಂದೆಯವರಿಗೆ ಸದ್ಯಕ್ಕೆ ಪುಡಿ ಬೇಡ ಎಂಬುದು, ನೀವು ಬರೆದಷ್ಟನ್ನೇ ನಂಬಿ ಹೇಳುವುದಾದರೆ, ನನ್ನ ಅಭಿಪ್ರಾಯ. ಭಂಗಿ ಬದಲಿಸಿ, ಗುಟುಕು ಚಿಕ್ಕದು ಮಾಡಿ, ಪರೀಕ್ಷೆ ಮಾಡಿಸಿ. ನಾಲಗೆಯನ್ನು ಅಂಗುಳಿಗೆ ಒತ್ತುವಂತಹ ವ್ಯಾಯಾಮಗಳನ್ನು ಎಂಟು ವಾರ ಮಾಡಿದ ಎಪ್ಪತ್ತು ದಾಟಿದವರಲ್ಲೂ ನಾಲಗೆಯ ಬಲ ಹೆಚ್ಚಿರುವುದು ದಾಖಲಾಗಿದೆ, ಆದ್ದರಿಂದ ಈ ವಯಸ್ಸಿನಲ್ಲಿ ಇನ್ನೇನು ಎಂದು ಕೈಬಿಡಬೇಕಾಗಿಲ್ಲ. ಯಾವ ವ್ಯಾಯಾಮ, ಎಷ್ಟು ಸಲ ಎಂಬುದನ್ನು ನೋಡಿದ ಚಿಕಿತ್ಸಕರು ಹೇಳಿಕೊಡುತ್ತಾರೆ.

ಉತ್ತರ 5: ಔಷಧಾಲಯ (ದಾವಣಗೆರೆ)

ಮಾತ್ರೆಯ ವಿಚಾರ ಉಳಿದುಹೋಗಿದೆ, ಅಷ್ಟನ್ನು ಸೇರಿಸುತ್ತೇನೆ. ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಔಷಧಗಳನ್ನು ತೆಗೆದುಕೊಳ್ಳುವ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಅದು ನೀರು ಕುಡಿದಾಗ ಮಾತ್ರ ಬರದೆ ದಿನವೆಲ್ಲ ಕಾಡುತ್ತದೆ, ಆದ್ದರಿಂದ ತಂದೆಯವರ ಕೆಮ್ಮು ಯಾವ ಬಗೆಯದು ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಗಂಟಲಿನ ನರತುದಿಗಳಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಹೆಚ್ಚಾಗುವುದು ಆ ಕೆಮ್ಮಿಗೆ ಒಂದು ಕಾರಣವೆಂದು ತಿಳಿದುಬಂದಿದೆ. ನುಂಗುವ ಮತ್ತು ಕೆಮ್ಮುವ ಪ್ರತಿಕ್ರಿಯೆಗಳನ್ನು ಎಚ್ಚರವಾಗಿಡುವುದೂ ಅದೇ ರಾಸಾಯನಿಕ. ಹೀಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಬೇಡ. ನಿದ್ದೆಗೆ, ತಳಮಳಕ್ಕೆ, ಅಲರ್ಜಿಗೆ ಕೊಡುವ ಅನೇಕ ಮಾತ್ರೆಗಳು ಮಿದುಳನ್ನು ಮಂಕಾಗಿಸುತ್ತವೆ ಇಲ್ಲವೇ ಬಾಯಿ ಒಣಗಿಸುತ್ತವೆ. ಅಂತಹದ್ದೇನಾದರೂ ಇತ್ತೀಚೆಗೆ ಸೇರಿದ್ದರೆ ಅದನ್ನೂ ತಿಳಿಸಿ.

ಮಾತ್ರೆಯನ್ನು ನೀರಿನ ಬದಲು ಒಂದು ಚಮಚ ಗಟ್ಟಿ ಮೊಸರು ಅಥವಾ ಮಸೆದ ಬಾಳೆಹಣ್ಣಿನ ನಡುವೆ ಇಟ್ಟು ಕೊಟ್ಟರೆ ಅದು ಮುದ್ದೆಯ ತುತ್ತಿನಂತೆಯೇ ಇಳಿಯುತ್ತದೆ. ಆದರೆ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂತಹ ಔಷಧಗಳನ್ನು ಮೊಸರಿನ ಜೊತೆ ಕೊಡಬಾರದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅನ್ನು ಬರಿಯ ನೀರಿನಲ್ಲಿ ಮಾತ್ರ ನುಂಗಿ ಅರ್ಧ ಗಂಟೆ ನೆಟ್ಟಗಿರಬೇಕಾದ್ದರಿಂದ, ನುಂಗುವ ತೊಂದರೆ ಇರುವವರಿಗೆ ಬೇರೆ ದಾರಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು, ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಇರುವಂತಹವನ್ನು, ಕುಟ್ಟಿ ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ತಂದೆಯವರ ಮಾತ್ರೆಯ ಹಾಳೆಯನ್ನೇ ಅಂಗಡಿಗೆ ಒಯ್ದು, ಇದನ್ನು ಮುರಿಯಬಹುದೇ, ಇದೇ ಔಷಧ ಸಣ್ಣ ಗಾತ್ರದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ.